ಶೀಲದ ಬೇಲಿ

ನೀರನ್ನು ಸೋಸಿ ಕುಡಿಯಬೇಕೆಂಬುದು ಶ್ರಾವಕನ ಮನೆಯಲ್ಲಿ ಮಕ್ಕಳು ಕಲಿಯುವ ಮೊದಲ ಪಾಠಗಳಲ್ಲಿ ಒಂದು. ಬಟ್ಟೆ ದಪ್ಪವಾಗಿರಬೇಕು, ಸೋಸಿದ ಮೇಲೆ ಅದರಲ್ಲಿ ಉಳಿದ ಜೀವಿಗಳನ್ನು ನೀರು ತಂದ ಮೂಲಕ್ಕೇ ಮರಳಿ ಬಿಡಬೇಕು. ಸೋಸುವ ಕೆಲಸ ಬಟ್ಟೆಯದು. ಆದರೆ ಅದರ ಪುಣ್ಯ ಬಟ್ಟೆಗೆ ಸಲ್ಲದು. ಹಾಗಾದರೆ ಉಪಕರಣವು ಮಾಡಿದ ಶೋಧನೆಯಲ್ಲಿ ಮನುಷ್ಯನ ಧರ್ಮ ಯಾವುದು? ಈ ಹಳೆಯ ಪ್ರಶ್ನೆ ಇಂದು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುವ ಶ್ರಾವಕ ಯುವಕರ ಮುಂದೆ ಹೊಸ ರೂಪದಲ್ಲಿ ನಿಂತಿದೆ.

ಅನೇಕರು ಕೂಡಿ ಒಂದು ಪ್ರೋಗ್ರಾಮನ್ನು ಬರೆಯುವಾಗ ಯಾರು, ಎಂದು, ಏನನ್ನು ಬದಲಿಸಿದರೆಂಬುದಕ್ಕೆ ಲೆಕ್ಕವಿರಬೇಕಾಗುತ್ತದೆ. ಅದಕ್ಕಾಗಿ ಇರುವ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದುದು 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್. ಇದರಲ್ಲಿ ಬದಲಾವಣೆಯನ್ನು ದಾಖಲಿಸುವುದಕ್ಕೆ ಕಮಿಟ್ ಎಂದು ಹೆಸರು. ವ್ಯಾಪಾರಿಯು ದಿನವಹಿಯಲ್ಲಿ ಕಲಮು ಬರೆದಂತೆಯೇ ಇದು. ಒಂದೊಂದು ದಾಖಲೆಯೂ ಹಿಂದಿನದಕ್ಕೆ ಕೊಂಡಿಯಂತೆ ಬೆಸೆದಿರುತ್ತದೆ. ರಹಸ್ಯವಾದ ಗುಪ್ತಪದವೊಂದು ಅಜಾಗ್ರತೆಯಿಂದ ಒಳಗೆ ಸೇರಿದರೆ, ಮರುದಿನ ಅದನ್ನು ಅಳಿಸಿದರೂ ಹಳೆಯ ಪುಟದಲ್ಲಿ ಅದು ಉಳಿದೇ ಇರುತ್ತದೆ. ಆದ್ದರಿಂದ ದಾಖಲೆಗೆ ಮುಂಚೆಯೇ ತಪಾಸಣೆ ನಡೆಸುವ ಏರ್ಪಾಡು ಬಂದಿದೆ. ಪ್ರೀ-ಕಮಿಟ್ ಹುಕ್ ಎಂಬ ಈ ಪುಟ್ಟ ಪ್ರೋಗ್ರಾಮು ತಾನಾಗಿ ಓಡಿ, ವ್ಯಾಕರಣದೋಷ, ಮರೆತುಬಿಟ್ಟ ಗುಪ್ತಪದ ಮುಂತಾದವನ್ನು ಹುಡುಕುತ್ತದೆ. ದೋಷ ಕಂಡರೆ ದಾಖಲೆಯನ್ನೇ ತಡೆಯುತ್ತದೆ.

ಸಣ್ಣ ತಪ್ಪಿಗೆ ಇಷ್ಟು ಬಂದೋಬಸ್ತು ಏಕೆಂದು ಕೇಳಬಹುದು. 2014ರ ಫೆಬ್ರವರಿಯಲ್ಲಿ ಆಪಲ್ ಸಂಸ್ಥೆಯ ಫೋನು ಮತ್ತು ಗಣಕಯಂತ್ರಗಳಲ್ಲಿ ಒಂದು ದೋಷ ಬಯಲಾಯಿತು. ಒಂದೇ ಸಾಲು ಎರಡು ಬಾರಿ ಬರೆಯಲ್ಪಟ್ಟಿತ್ತು, ಅಷ್ಟೇ. ಅದರಿಂದಾಗಿ ಎದುರಿನ ತಾಣ ನಿಜವಾದದ್ದೇ ಎಂದು ಪರೀಕ್ಷಿಸುವ ಮುಖ್ಯ ಹಂತವನ್ನು ಯಂತ್ರ ಹಾರಿಸಿಬಿಡುತ್ತಿತ್ತು. ಜನರ ಗುಟ್ಟಿನ ವ್ಯವಹಾರ ಕಳ್ಳನ ಕಣ್ಣಿಗೆ ಬೀಳುವ ದಾರಿ ತೆರೆದಿತ್ತು. ಎಂದಿಗೂ ತಲುಪಲಾಗದ ಸಾಲುಗಳನ್ನು ತೋರಿಸಿಕೊಡುವ ಸಾಮಾನ್ಯ ತಪಾಸಣೆ ಅದನ್ನು ಹಿಡಿಯಬಹುದಿತ್ತು. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರವು ಪ್ರಮಾದವನ್ನೇ ಮುಂದಿಟ್ಟಿರುವುದು ಇಲ್ಲಿ ಸ್ಮರಣೀಯ. ದ್ವೇಷವಿಲ್ಲದ ಕೈಯಿಂದಲೂ, ಎಚ್ಚರವಿಲ್ಲದಿದ್ದರೆ, ಕಾಣದ ಅನೇಕರಿಗೆ ಹಾನಿ ತಗಲುತ್ತದೆ.

ಆದರೆ ಈ ಬೇಲಿಗೊಂದು ಬಾಗಿಲಿದೆ. ಕಮಿಟ್ ಮಾಡುವಾಗ ನೋ-ವೆರಿಫೈ ಎಂಬ ಒಂದು ಸೂಚನೆ ಸೇರಿಸಿದರೆ ತಪಾಸಣೆ ನಡೆಯುವುದಿಲ್ಲ. ಹಾಗೆ ದಾಟಿಹೋದ ಗುರುತೂ ದಾಖಲೆಯಲ್ಲಿ ಉಳಿಯುವುದಿಲ್ಲ. ಶೋಧಿಸಿದ ಕಲಮೂ ಶೋಧಿಸದ ಕಲಮೂ ಒಂದೇ ಬಗೆಯಾಗಿ ಕಾಣುತ್ತವೆ. ಇನ್ನೊಂದು ಸಂಗತಿಯೂ ಉಂಟು. ಪ್ರೋಗ್ರಾಮಿನ ಪ್ರತಿಯನ್ನು ಒಬ್ಬನು ತನ್ನ ಯಂತ್ರಕ್ಕೆ ತಂದುಕೊಂಡಾಗ ಹುಕ್ ತಾನಾಗಿ ಜೊತೆಯಲ್ಲಿ ಬರುವುದಿಲ್ಲ. ಅವನೇ ಅದನ್ನು ಸ್ಥಾಪಿಸಿಕೊಳ್ಳಬೇಕು. ವ್ರತವೂ ಹಾಗೆಯೇ. ಜೈನಕುಲದಲ್ಲಿ ಹುಟ್ಟಿದ ಮಾತ್ರಕ್ಕೆ ಅಣುವ್ರತ ಬರುವುದಿಲ್ಲ, ಸ್ವೀಕರಿಸಿದವನಿಗೆ ಮಾತ್ರ ಅದು ಉಂಟು.

ಅಮಿತಗತಿ ಆಚಾರ್ಯರು ದೋಷಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಶ್ಶುದ್ಧಿ ಕೆಡುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯಗಳಲ್ಲಿ ತೊಡಗುವುದು ಅತಿಚಾರ. ಅದರಲ್ಲೇ ಅತಿಯಾಗಿ ಆಸಕ್ತನಾಗುವುದು ಅನಾಚಾರ. ಸಂಜೆ ಮನೆಗೆ ಹೊರಡುವ ಅವಸರದಲ್ಲಿ ‘ಇದೊಂದು ಸಲ’ ಎಂದುಕೊಳ್ಳುವವನು ಮೊದಲ ಮೆಟ್ಟಿಲಿನಲ್ಲಿದ್ದಾನೆ. ಬೇಲಿ ದಾಟುವುದು ಎರಡನೆಯದು. ದಾಟುವುದೇ ರೂಢಿಯಾದವನಿಗೆ ಬೇಲಿಯಿದ್ದೂ ಇಲ್ಲದಂತೆ.

ಹಾಗಾದರೆ ದಾಟಲಾಗದ ಬೇಲಿಯನ್ನೇ ಕಟ್ಟಬಾರದೇಕೆ? ಕಟ್ಟಬಹುದು, ಕಟ್ಟಲೂಬೇಕು. ಎಲ್ಲರ ದಾಖಲೆಗಳು ಸೇರುವ ಕೇಂದ್ರಯಂತ್ರದಲ್ಲಿ ಮತ್ತೊಂದು ತಪಾಸಣೆಯಿಟ್ಟು, ಅನುತ್ತೀರ್ಣವಾದುದನ್ನು ಸ್ವೀಕರಿಸದಿರುವ ಏರ್ಪಾಡು ಉಂಟು. ಅಂಗಡಿಯ ತೂಕದ ಕಲ್ಲಿಗೆ ಸರ್ಕಾರ ಮುದ್ರೆಯೊತ್ತುವಂತೆ ಇದು ಅವಶ್ಯಕ. ಆದರೆ ಮುದ್ರೆಯೊತ್ತಿದ ಕಲ್ಲನ್ನಿಟ್ಟುಕೊಂಡೂ ಕಲಬೆರಕೆ ಮಾಡಬಹುದು. ಆದ್ದರಿಂದಲೇ ಅಚೌರ್ಯದ ಅತಿಚಾರಗಳಲ್ಲಿ ಕಳ್ಳತೂಕವನ್ನೂ ಕಲಬೆರಕೆಯನ್ನೂ ಬೇರೆಬೇರೆಯಾಗಿ ಎಣಿಸಲಾಗಿದೆ. ಲೆಕ್ಕಪತ್ರ ಬಲ್ಲವರಿಗೆ ಇನ್ನೂ ಹತ್ತಿರದ ನಿದರ್ಶನ ತಾಳೆಪಟ್ಟಿ. ಎರಡು ಬದಿಯ ಮೊತ್ತ ಸರಿಹೊಂದಿದರೂ ಬರೆಯಬೇಕಾದ ಕಲಮನ್ನು ಪೂರ್ಣವಾಗಿ ಬಿಟ್ಟಿರಬಹುದು, ಒಬ್ಬರ ಖಾತೆಯದನ್ನು ಮತ್ತೊಬ್ಬರ ಖಾತೆಗೆ ಹಾಕಿರಬಹುದು. ಯಂತ್ರವು ತನಗೆ ಕಲಿಸಿದ ದೋಷವನ್ನಷ್ಟೇ ಹುಡುಕುತ್ತದೆ. ತಪಾಸಣೆ ಒಪ್ಪಿತೆಂಬ ಕಾರಣಕ್ಕೆ ಓದಿನೋಡದೆ ಕೈತೊಳೆದುಕೊಳ್ಳುವವನು ಎಚ್ಚರದ ಸಾಧನವನ್ನೇ ಪ್ರಮಾದಕ್ಕೆ ಕಾರಣವಾಗಿಸುತ್ತಾನೆ.

ಬೇಲಿ ಕಟ್ಟುವವರಿಗೂ ಒಂದು ಧರ್ಮವಿದೆ. ತ್ಯಾಗ ಮತ್ತು ತಪಸ್ಸುಗಳನ್ನು ಶಕ್ತ್ಯನುಸಾರ ಆಚರಿಸಬೇಕೆಂಬುದು ಆಗಮಸಮ್ಮತ. ಪ್ರತಿ ಸಣ್ಣ ದಾಖಲೆಗೂ ಹತ್ತು ನಿಮಿಷ ಕಾಯಿಸುವ ತಪಾಸಣೆ ಜನರಿಗೆ ಬಾಗಿಲನ್ನೇ ಕಲಿಸುತ್ತದೆ. ಕ್ಷಣದಲ್ಲಿ ಮುಗಿಯುವುದನ್ನು ಹುಕ್‌ಗೂ, ದೀರ್ಘವಾದುದನ್ನು ಕೇಂದ್ರಯಂತ್ರಕ್ಕೂ ಹಂಚುವುದು ವಿವೇಕ. ಆಪತ್ಕಾಲದಲ್ಲಿ ದಾಟಲೇಬೇಕಾಗಿ ಬಂದರೆ, ಏಕೆ ದಾಟಿದೆನೆಂದು ದಾಖಲೆಯ ಟಿಪ್ಪಣಿಯಲ್ಲೇ ಬರೆದು, ಜೊತೆಗಾರರಿಗೆ ತಿಳಿಸಿ, ಬಿಟ್ಟ ಪರೀಕ್ಷೆಯನ್ನು ಬೇಗನೆ ಪೂರೈಸಬೇಕು. ಗುರುವಿನ ಮುಂದೆ ಆಲೋಚನೆ, ಆಮೇಲೆ ಪ್ರತಿಕ್ರಮಣ ಎಂಬ ಕ್ರಮ ಇದಕ್ಕೂ ಒಪ್ಪುತ್ತದೆ. ದಾಟಿದ್ದಕ್ಕಿಂತ ದಾಟಿದ್ದನ್ನು ಮರೆಮಾಚುವುದು ದೊಡ್ಡ ದೋಷ.

ನಿಮಿತ್ತ ಮತ್ತು ಉಪಾದಾನವೆಂದು ಕಾರಣಗಳನ್ನು ಜೈನದರ್ಶನ ವಿಂಗಡಿಸುತ್ತದೆ. ಮಡಕೆಗೆ ಮಣ್ಣು ಉಪಾದಾನ, ಚಕ್ರ ನಿಮಿತ್ತ. ಸೋಸುವ ಬಟ್ಟೆ, ಮುದ್ರೆಯೊತ್ತಿದ ಕಲ್ಲು, ತಪಾಸಣೆಯ ಹುಕ್ ಇವೆಲ್ಲ ನಿಮಿತ್ತಗಳು. ಎಚ್ಚರವುಳ್ಳ ಜೀವವೇ ಉಪಾದಾನ. ನಿಮಿತ್ತವನ್ನು ಕಡೆಗಣಿಸುವುದು ಅಹಂಕಾರ, ಅದನ್ನೇ ಧರ್ಮವೆಂದು ನಂಬುವುದು ಅಜ್ಞಾನ. ಯಾರೂ ನೋಡದಿರುವಾಗ, ಗುರುತೂ ಉಳಿಯದೆಂದು ಬಲ್ಲಾಗ, ಬಾಗಿಲು ತೆರೆದೇ ಇದ್ದರೂ ಅದರ ಮುಂದೆ ನಿಲ್ಲಬಲ್ಲವನ ಸಂಯಮ ಅವನ ಸ್ವಂತದ್ದು. ಯಂತ್ರವು ಆಸ್ರವದ ಒಂದು ದ್ವಾರವನ್ನು ತೋರಿಸಿಕೊಡಬಹುದು. ಅದನ್ನು ಮುಚ್ಚುವ ಸಂವರ ಮನುಷ್ಯನಿಂದಲೇ ಆಗಬೇಕು.