ಹಾಡಿನ ಋಣ

ಹಾಡುವವನು ಗತಿಸಿದ ಮೇಲೆ ಅವನ ಮೇಳಕ್ಕೆ ನಿಜವಾದ ಉತ್ತರಾಧಿಕಾರಿ ಯಾರು? ಹೆಸರನ್ನು ಹೊತ್ತವನೋ, ಕಂಠವನ್ನು ಅನುಕರಿಸುವವನೋ?

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ‘ಜಾಯ್ ಡಿವಿಷನ್’ ಎಂಬ ಪೋಸ್ಟ್-ಪಂಕ್ ವಾದ್ಯಮೇಳವೊಂದಿದ್ದಿತು. 1980ರ ಮೇ ತಿಂಗಳಲ್ಲಿ ಅದರ ಗಾಯಕ ಇಯಾನ್ ಕರ್ಟಿಸ್ 23ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಉಳಿದ ಮೂವರು ಆ ಹೆಸರಿನಿಂದ ಬರಬಹುದಾಗಿದ್ದ ಲಾಭವನ್ನು ತೊರೆದು, ‘ನ್ಯೂ ಆರ್ಡರ್’ ಎಂಬ ಹೊಸ ಹೆಸರಿನಲ್ಲಿ ಹೊಸ ಲಯದ ಹಾಡನ್ನೇ ಕಟ್ಟಿದರು.

ಕೊಳ್ಳೇಗಾಲ ಸೀಮೆಯ ನೀಲಗಾರರ ದಾರಿ ಬೇರೆ. ದೀಕ್ಷೆ ಪಡೆದು, ತಂಬೂರಿ, ಗಗ್ಗರ, ಡಕ್ಕೆಗಳನ್ನು ಹಿಡಿದು ಇರುಳೆಲ್ಲ ಹಾಡುವ ಅವರ ಕಾವ್ಯವು ಮಂಟೇಸ್ವಾಮಿಯದು, ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯದು, ಹಾಡಿದವನ ಹೆಸರಿನದಲ್ಲ. ಹನೂರಿನ ಕಡೆ ಮಲೆಯ ಮಾದಪ್ಪನನ್ನು ಹಾಡುವ ಕಂಸಾಳೆಯವರೂ ಹಾಗೆಯೇ. ಆದರೂ ಶಿಷ್ಯನು ಗುರುವಿನ ಪಡಿಯಚ್ಚಲ್ಲ. ಕೇಳುವ ಮಂದಿಯನ್ನು ನೋಡಿ ಕಥೆಯನ್ನು ಹಿಗ್ಗಿಸುವನು, ಕುಗ್ಗಿಸುವನು.

ಅವರು ಮೇಳದ ಹೆಸರನ್ನು ತೊರೆದರು. ಇವರು ತಮ್ಮ ಹೆಸರನ್ನೇ ಮರೆತರು. ಎರಡರ ತತ್ತ್ವವೂ ಒಂದೇ: ಹಾಡು ಸ್ವತ್ತಲ್ಲ, ಋಣ. ಅದು ತೀರುವುದು ಮುಂದಿನವನು ತನ್ನ ಕಂಠದಿಂದಲೇ ಹಾಡಿದಾಗ.

ಕೇಳುವವರಿಗೂ ಈ ಋಣದಲ್ಲಿ ಪಾಲುಂಟು. ಧ್ವನಿಮುದ್ರಣವು ಕಂಠವನ್ನು ಕಾಪಾಡಬಲ್ಲದು. ಎಚ್ಚತ್ತು ಕೇಳುವ ಊರನ್ನು ಕಾಪಾಡಲಾರದು. ಯಳಂದೂರಿನ ಮನೆಯೊಂದು ನೀಲಗಾರನಿಗಾಗಿ ಒಂದಿರುಳು ತನ್ನ ಜಗುಲಿಯಲ್ಲಿ ದೀಪವಿಟ್ಟು ಕುಳಿತರೆ, ಅದೂ ಋಣಸಂದಾಯವೇ ಸರಿ.