ಗೆರೆ ಯಾರದು, ಹೊಣೆ ಯಾರದು?

ಮೂಡಲಪಾಳ್ಯದ 30-40 ಸೈಟಿನ ಪ್ಲಾನನ್ನು ಎಷ್ಟೋ ಸಲ ಆ ಸೈಟನ್ನೇ ನೋಡದ ಯಾರೋ ದೂರದಲ್ಲಿ ಕೂತು ಕ್ಯಾಡ್‌ನಲ್ಲಿ ಎಳೆದಿರುತ್ತಾರೆ. ಅಡಿ ಅಂದ್ರೆ 304.8 ಮಿಲಿಮೀಟರ್. ಲೆಕ್ಕ ಸುಲಭ ಆಗ್ಲಿ ಅಂತ 300 ಹಿಡಿದರೆ 40 ಅಡಿಗೆ 192 ಮಿಲಿಮೀಟರ್, ಅಂದರೆ ಏಳೂವರೆ ಇಂಚು ಮಾಯ. ಆಮೇಲೆ ಮೆಟ್ಟಿಲು ಕೂರಲ್ಲ, ಬಾತ್‌ರೂಮ್ ಬಾಗಿಲು ಪೂರ್ತಿ ತೆರೆಯಲ್ಲ.

ತಪ್ಪು ಯಾರದು? 'ಕೊಟ್ಟ ಅಳತೆಗೇ ಎಳೆದೆ' ಅಂತಾನೆ ಡ್ರಾಫ್ಟ್ಸ್‌ಮನ್. 'ಡ್ರಾಯಿಂಗ್ ಹೊರಗಡೆ ಮಾಡಿಸಿದ್ದು' ಅಂತಾರೆ ಎಂಜಿನಿಯರ್. ಬೈಸಿಕೊಳ್ಳೋದು ಮೇಸ್ತ್ರಿ. ನಮ್ಮ ಸಾಫ್ಟ್‌ವೇರಲ್ಲಾದರೆ ಪ್ಯಾಚ್ ಹಾಕಬಹುದು, ಗೋಡೆಯನ್ನು ಒಡೀಬೇಕು.

ಪ್ಲಾನ್ ಎರಡು ದಿನ ತಡವಾದರೆ ರೇಗುವ ನಾವು, ಆ ಎರಡು ದಿನ ಮತ್ತೆ ಟೇಪ್ ಹಿಡಿಯೋಕೆ ಹೋಯ್ತಾ ಅಂತ ಕೇಳಲ್ಲ. ಕೇಳಬೇಕು. ಗೆರೆ ಯಾರಾದರೂ ಎಳೀಲಿ, ಸಹಿ ಹಾಕುವವರು ಒಮ್ಮೆ ಸೈಟಿಗೆ ಬಂದು ಅಳೀಲಿ. ಆ ಸಹಿ ನಂಬಿಯೇ ಒಂದು ಮನೆ ಇಪ್ಪತ್ತು ವರ್ಷ ಸಾಲದ ಕಂತು ಕಟ್ಟುತ್ತೆ.