ಕೌಶಲದ ಪಣವೂ ದ್ಯೂತವೇ?

ಸಪ್ತವ್ಯಸನಗಳಲ್ಲಿ ಆಚಾರ್ಯರು ಮೊದಲು ಎಣಿಸಿದ್ದು ದ್ಯೂತವನ್ನು. ಹಿಂದೆ ಅದಕ್ಕೆ ಪಗಡೆಯ ಹಾಸು, ಜೊತೆಗಾರರು, ಜನರ ಕಣ್ಣು ತಪ್ಪಿಸುವ ಮೂಲೆ ಬೇಕಿದ್ದವು. ಈಗ ಅಂಗೈಯಗಲದ ಮೊಬೈಲು ಸಾಕು. ಅದರಲ್ಲಿ ಗಾಲ್ಫಿನಂತಹ ಆಟಕ್ಕೆ ಪ್ರವೇಶಧನ ಕಟ್ಟಿದ ತರುಣನು, ‘ಗಾಳಿಯ ದಿಕ್ಕು, ಹೊಡೆತದ ಬಲ ಇವೆರಡನ್ನೂ ಲೆಕ್ಕಹಾಕಿ ಗೆಲ್ಲುತ್ತೇನೆ, ಇದು ಜೂಜಲ್ಲ, ಕೌಶಲ’ ಎನ್ನುತ್ತಾನೆ. ಈ ಮಾತನ್ನು ಪರೀಕ್ಷಿಸದೆ ತಳ್ಳಿಹಾಕುವುದು ನ್ಯಾಯವಲ್ಲ.

ಕಾನೂನೂ ಈ ಪ್ರಶ್ನೆಯಲ್ಲಿ ತೊಳಲಾಡಿದೆ. ಕರ್ನಾಟಕ ಸರ್ಕಾರವು 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟ ಜೂಜಲ್ಲವೆಂದು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ಆ ವಿಧಿಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಪಣದ ಆಟಗಳನ್ನು ನಿಷೇಧಿಸಿತು. ಕಾನೂನು ಹೀಗೆ ಮಗ್ಗುಲು ಬದಲಿಸಬಹುದು. ವ್ರತಕ್ಕೆ ಸ್ಥಿರವಾದ ನೆಲೆ ಬೇಕು.

ಮೊದಲು ಲಾಭದ ಲೆಕ್ಕ ನೋಡೋಣ. ಇಬ್ಬರು ತಲಾ 100 ರೂಪಾಯಿ ಕಟ್ಟಿದರು. ಆಡಿಸುವವನು 20 ರೂಪಾಯಿ ಇಟ್ಟುಕೊಂಡು ಗೆದ್ದವನಿಗೆ 180 ಕೊಟ್ಟನು ಎಂದಿಟ್ಟುಕೊಳ್ಳೋಣ. ಸಾಧಾರಣ ಆಟಗಾರನು 100 ಆಟಗಳಲ್ಲಿ 50 ಗೆಲ್ಲುತ್ತಾನೆ. ಕಟ್ಟಿದ್ದು 10,000; ಬಂದದ್ದು 9,000. ಅಸಲು ಉಳಿಯಬೇಕಾದರೂ 56 ಗೆಲ್ಲಬೇಕು. ಎಲ್ಲರೂ ಅರ್ಧಕ್ಕಿಂತ ಹೆಚ್ಚು ಗೆಲ್ಲುವುದು ಅಸಾಧ್ಯ. ಆದುದರಿಂದ ಸಾಧಾರಣ ಆಟಗಾರನಿಗೆ ನಷ್ಟವೇ ನಿಯಮ.

ಹಾಗಾದರೆ ನಿಜವಾಗಿ ನಿಪುಣನಾದವನು? ಅವನಿಗೆ ಲಾಭವಾದೀತು. ವ್ರತದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ರಬಕವಿ-ಬನಹಟ್ಟಿಯ ನೇಕಾರನು ಸೀರೆ ಮಾರಿದರೆ ಹಣ ಕೊಟ್ಟವಳ ಕೈಗೆ ಸೀರೆ ಬರುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳ ರೈತನು ಕಬ್ಬು ಕಳಿಸಿದರೆ ಸಕ್ಕರೆಯಾಗುತ್ತದೆ. ಪಣದ ಆಟದಲ್ಲಿ ಸೋತವನ ಕೈಗೆ ಏನು ಬಂತು? ಗೆದ್ದವನ ಗಳಿಕೆ ತನಗಿಂತ ದುರ್ಬಲನಾದವನ ಕಳೆತ. ಪರರ ಸೋಲನ್ನೂ ಧನಹರಣವನ್ನೂ ಮನಸ್ಸಿನಲ್ಲಿ ಬಯಸುವುದನ್ನು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅಪಧ್ಯಾನವೆಂದು ಎಣಿಸಿದ್ದಾರೆ. ಕೌಶಲ ಹೆಚ್ಚಿದಷ್ಟೂ ಆ ಬಯಕೆ ಹರಿತವಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ದ್ಯೂತ ತ್ಯಜಿಸಿದವನಿಗೆ ವಿನೋದದ ಪಂಥವೂ ದೋಷವೆಂದು ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಎಚ್ಚರಿಸಿದ್ದು ಇದಕ್ಕಾಗಿಯೇ.

ಚತುರ್ದಶಿಯಂದು ಅನ್ನನೀರು ಬಿಟ್ಟು, ಹೊತ್ತು ಕಳೆಯಲೆಂದು ಪಣದ ಆಟಕ್ಕೆ ಕುಳಿತವನಿಗೆ ಹೊಟ್ಟೆ ಬರಿದಾಯಿತು, ಲೋಭಕ್ಕೆ ಊಟವಾಯಿತು. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ಅಂದು ಲಂಘನವಾಯಿತು, ಉಪವಾಸವಾಗಲಿಲ್ಲ.

ಈಗಾಗಲೇ ಹಣ ಕಳೆದುಕೊಂಡು ಮನೆಯವರಿಗೆ ಹೇಳಲಾರದೆ, ಹೋದದ್ದನ್ನು ಮರಳಿ ಗೆಲ್ಲುವ ಆಸೆಯಲ್ಲಿರುವ ಮಗನೂ ಒಂದು ಮನೆಯಲ್ಲಿ ಇರಬಹುದು. ಅವನಿಗೆ ಆಲೋಚನೆ, ಅಂದರೆ ದೋಷವನ್ನು ಮುಚ್ಚದೆ ಹೇಳಿಕೊಳ್ಳುವುದು, ಮೊದಲ ತಪಸ್ಸು. ಕೇಳುವ ಹಿರಿಯರಿಗೆ ಕ್ಷಮೆಯೇ ತಪಸ್ಸು. ಮುಂದಿನ ಅಷ್ಟಮಿಯವರೆಗೆ ಪಣ ಮುಟ್ಟೆನೆಂಬ ಸಣ್ಣ ನಿಯಮದಿಂದ ಅವನು ಆರಂಭಿಸಲಿ. ಆ ಅಷ್ಟಮಿಯಂದು ಮನೆಯವರು ಅವನೊಡನೆ ಕುಳಿತು ಅದನ್ನು ಮುಂದುವರಿಸಲಿ.